ಬೆಟ್ಟವಾಗಿ ನಿಂತ ಸಮುದ್ರತಳ

ಸೈಪ್ರಸ್ ದ್ವೀಪದ ನಡುವೆ ಟ್ರೂಡೋಸ್ ಅನ್ನೋ ಬೆಟ್ಟಸಾಲಿದೆ. ಅದರಲ್ಲಿ ಅತಿ ಎತ್ತರದ ಶಿಖರ ಒಲಿಂಪಸ್, 1,952 ಮೀಟರ್. ಆ ಶಿಖರದ ಸುತ್ತ ಕಾಲಿಗೆ ಸಿಗುವ ಕಲ್ಲು ಒಂದು ಕಾಲದಲ್ಲಿ ಸಮುದ್ರತಳಕ್ಕಿಂತಲೂ ಕಿಲೋಮೀಟರ್‌ಗಟ್ಟಲೆ ಕೆಳಗೆ, ಭೂಮಿಯ ಹೊರಪದರದ ಅಡಿಗಿರುವ ಮ್ಯಾಂಟಲ್ ಪದರದಲ್ಲಿ ಇದ್ದದ್ದು. ಅಲ್ಲಿಂದ ಬೆಟ್ಟ ಇಳಿಯುತ್ತಾ ಬಂದರೆ ಮೊದಲು ಗ್ಯಾಬ್ರೋ ಅನ್ನೋ ಕಲ್ಲು ಸಿಗುತ್ತದೆ, ಆಮೇಲೆ ಡೈಕ್‌ಗಳು (ಕರಗಿದ ಕಲ್ಲು ಬಿರುಕಿನಲ್ಲಿ ಗಟ್ಟಿಯಾದದ್ದು), ಬುಡದ ಹತ್ತಿರ ಲಾವಾ, ಅದರಾಚೆ ಸಮುದ್ರದ ಕೆಸರು ಗಟ್ಟಿಯಾಗಿ ಆದ ಕಲ್ಲು. ಅಂದರೆ ನೀವು ಬೆಟ್ಟ ಇಳಿದಷ್ಟೂ ಹಳೆಯ ಸಮುದ್ರತಳದ ಒಳಗಿನಿಂದ ಮೇಲಕ್ಕೆ ಹತ್ತುತ್ತಿರುತ್ತೀರಿ. ವಿಚಿತ್ರ ಅಲ್ವಾ?

ಪದರಗಳು ಅಲ್ಲಿ ಬುಡಮೇಲಾಗಿಲ್ಲ. ಗುಮ್ಮಟದ ಆಕಾರದಲ್ಲಿ ಉಬ್ಬಿವೆ, ಅಷ್ಟೇ. ಉಬ್ಬಿದ ಜಾಗದಲ್ಲಿ ಮೇಲಿನ ಪದರಗಳು ಸವೆದು ಹೋಗಿ ಒಳಗಿದ್ದದ್ದು ಹೊರಗೆ ಬಂತು. ಉಬ್ಬೋದಕ್ಕೆ ಕಾರಣ ನೀರು. ಮ್ಯಾಂಟಲ್‌ನ ಕಲ್ಲಿಗೆ ನೀರು ಸೇರಿದರೆ ಅದು ಸರ್ಪೆಂಟೈನ್ ಅನ್ನೋ ಹಸಿರು ಖನಿಜವಾಗಿ ಬದಲಾಗುತ್ತದೆ. ಆಗ ಅದರ ಗಾತ್ರ ಹೆಚ್ಚುತ್ತದೆ, ಸಾಂದ್ರತೆ ಇಳಿಯುತ್ತದೆ. ಹಗುರವಾದದ್ದು ಮೇಲಕ್ಕೆ ಏಳುತ್ತದೆ. ಜೊತೆಗೆ ಆಫ್ರಿಕಾದ ಭೂಫಲಕ ಸೈಪ್ರಸ್‌ನ ಅಡಿಗೆ ನುಗ್ಗುತ್ತಾ ಇಡೀ ದ್ವೀಪವನ್ನೇ ಮೇಲಕ್ಕೆ ಎತ್ತುತ್ತಿದೆ.

ಹೀಗೆ ನೆಲದ ಮೇಲೆ ಬಂದು ಕೂತ ಹಳೆಯ ಸಮುದ್ರತಳದ ತುಂಡಿಗೆ ಓಫಿಯೋಲೈಟ್ ಅಂತ ಹೆಸರು. ಒಮಾನ್‌ನಲ್ಲಿದೆ, ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಲ್ಲಿದೆ, ನ್ಯೂ ಕ್ಯಾಲೆಡೋನಿಯಾದಲ್ಲಿದೆ. ಲಡಾಖ್‌ನಲ್ಲಿ ಸಿಂಧೂ ಕಣಿವೆಯ ಉದ್ದಕ್ಕೂ ಇದರ ಚೂರುಗಳಿವೆ, ಅಂಡಮಾನ್‌ನಲ್ಲೂ ಇವೆ. ಹಲವು ದೇಶಗಳ ವಿಶ್ವವಿದ್ಯಾಲಯಗಳು ದಶಕಗಳಿಂದ ಈ ಬೆಟ್ಟಗಳನ್ನು ಅಳೆಯುತ್ತಿವೆ, ಕೊರೆಯುತ್ತಿವೆ. ಸಮುದ್ರತಳ ಹೇಗೆ ಹುಟ್ಟುತ್ತದೆ ಅನ್ನೋದರ ಬಗ್ಗೆ ನಮಗೆ ತಿಳಿದಿರುವುದರಲ್ಲಿ ದೊಡ್ಡ ಪಾಲು ಬಂದದ್ದು ಇಲ್ಲಿಂದಲೇ. ಆದರೆ ಒಂದು ತೊಡಕಿದೆ. ನೆಲಕ್ಕೆ ಬಂದ ಈ ತುಂಡುಗಳು ನಿಜಕ್ಕೂ ಮಾಮೂಲಿ ಸಮುದ್ರತಳವೇ? ಐವತ್ತು ವರ್ಷದಿಂದ ನಡೆದಿರುವ ಈ ಜಗಳವೇ ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ರುಚಿಯಾಗಿ ಕಂಡದ್ದು. ಅದಕ್ಕೆ ಆಮೇಲೆ ಬರೋಣ.

ಸಮುದ್ರಕ್ಕೇ ಹೋಗಿ ನೋಡಬಾರದಾ?

ನೋಡಬಹುದು, ಆದರೆ ಸುಲಭವಿಲ್ಲ. ಸಾಗರದ ಅಡಿಯ ಹೊರಪದರ ಸರಾಸರಿ 6-7 ಕಿಲೋಮೀಟರ್ ದಪ್ಪ. ಅದರ ಮೇಲೆ ಮೂರ್ನಾಲ್ಕು ಕಿಲೋಮೀಟರ್ ನೀರು. ಹೊರಪದರ ಮುಗಿದು ಮ್ಯಾಂಟಲ್ ಶುರುವಾಗುವ ಗಡಿಗೆ ಮೋಹೋ ಅಂತಾರೆ. ಭೂಕಂಪದ ಅಲೆಗಳು ಒಂದು ಆಳದಲ್ಲಿ ಇದ್ದಕ್ಕಿದ್ದಂತೆ ವೇಗ ಪಡೆಯುವುದನ್ನು 1909ರಲ್ಲಿ ಕ್ರೊಯೇಷಿಯಾದ ಮೊಹೊರೊವಿಚಿಚ್ ಗುರುತಿಸಿದ್ದರು. ಗಡಿಗೆ ಅವರದೇ ಹೆಸರು ಮೊಟಕಾಗಿ ಉಳಿದುಕೊಂಡಿತು.

ಆ ಗಡಿಯವರೆಗೆ ಕೊರೆದೇ ತೀರುತ್ತೇವೆ ಅಂತ ಅಮೆರಿಕದ ವಿಜ್ಞಾನಿಗಳು 1961ರಲ್ಲಿ ಮೆಕ್ಸಿಕೋದ ಗ್ವಾಡಲೂಪೆ ದ್ವೀಪದ ಬಳಿ ಸಮುದ್ರಕ್ಕೆ ಇಳಿದರು. ಮೋಹೋಲ್ ಯೋಜನೆ ಅಂತ ಅದರ ಹೆಸರು. ತಳದಿಂದ 183 ಮೀಟರ್ ಕೆಳಗೆ ಹೋದರು. ಅದರಲ್ಲಿ ಬಹುಪಾಲು ಬರೀ ಕೆಸರು, ಕೊನೆಯ ಹದಿಮೂರು ಮೀಟರಿನಷ್ಟು ಮಾತ್ರ ಲಾವಾ ತಣಿದು ಆದ ಬಸಾಲ್ಟ್ ಕಲ್ಲು. ಖರ್ಚು ಏರುತ್ತಾ ಹೋಯಿತು, 1966ರಲ್ಲಿ ಅಮೆರಿಕದ ಸಂಸತ್ತು ದುಡ್ಡು ನಿಲ್ಲಿಸಿತು. ಆಮೇಲೆ ಬೇರೆ ಹಡಗುಗಳು ಬಂದವು. ಪೂರ್ವ ಪೆಸಿಫಿಕ್‌ನ 504ಬಿ ಅನ್ನೋ ಕೊಳವೆಬಾವಿಯನ್ನು 1979ರಿಂದ 1993ರವರೆಗೆ ಬಿಟ್ಟು ಬಿಟ್ಟು ಕೊರೆದು 2,111 ಮೀಟರ್ ಮುಟ್ಟಿಸಿದರು. ಹೊರಪದರದ ಮೂರನೇ ಒಂದು ಭಾಗವೂ ಆಗಲಿಲ್ಲ. 2023ರಲ್ಲಿ ಅಟ್ಲಾಂಟಿಕ್‌ನ ಅಟ್ಲಾಂಟಿಸ್ ಮ್ಯಾಸಿಫ್ ಅನ್ನೋ ಕಡೆ ಮ್ಯಾಂಟಲ್ ಕಲ್ಲಿನಲ್ಲಿ 1,268 ಮೀಟರ್ ಇಳಿದರು. ದೊಡ್ಡ ಸಾಧನೆ, ಸರಿ. ಆದರೆ ಅಲ್ಲಿ ಸ್ತರಭಂಗವೊಂದು (ಕಲ್ಲು ಬಿರಿದು ಸರಿದ ಸೀಳು) ಮ್ಯಾಂಟಲ್ ಕಲ್ಲನ್ನು ಮೊದಲೇ ಮೇಲಕ್ಕೆ ಎಳೆದು ತಂದಿತ್ತು. ಪೂರ್ತಿ ಹೊರಪದರವನ್ನು ದಾಟಿ ಮೋಹೋ ಮುಟ್ಟಿದವರು ಇವತ್ತಿಗೂ ಯಾರೂ ಇಲ್ಲ.

ಇನ್ನೊಂದು ಕಷ್ಟವಿದೆ. ಸಮುದ್ರತಳಕ್ಕೆ ಆಯಸ್ಸು ಕಡಿಮೆ. ಸಾಗರದ ನಡುವೆ ಉದ್ದಕ್ಕೆ ಹಬ್ಬಿದ ಬೆಟ್ಟಸಾಲಿನಂಥ ಏಣುಗಳಲ್ಲಿ ಅದು ಹುಟ್ಟುತ್ತದೆ, ಎರಡೂ ಕಡೆಗೆ ಸರಿಯುತ್ತಾ ತಣ್ಣಗಾಗಿ ಭಾರವಾಗುತ್ತದೆ, ಕೊನೆಗೆ ಯಾವುದಾದರೂ ಕಂದಕದಲ್ಲಿ ಮತ್ತೆ ಭೂಮಿಯೊಳಗೆ ಇಳಿದು ಹೋಗುತ್ತದೆ. ಇವತ್ತು ಪೆಸಿಫಿಕ್‌ನಲ್ಲಿ ಸಿಗುವ ಅತಿ ಹಳೆಯ ತಳ ಸುಮಾರು 18 ಕೋಟಿ ವರ್ಷದ್ದು. ಖಂಡಗಳಲ್ಲಾದರೋ 400 ಕೋಟಿ ವರ್ಷ ಹಳೆಯ ಕಲ್ಲೂ ಇದೆ. 18 ಕೋಟಿ ವರ್ಷಕ್ಕಿಂತ ಹಿಂದಿನ ಸಾಗರಗಳೆಲ್ಲ ಮಾಯ. ಅವುಗಳ ಗುರುತು ಬೇಕೆಂದರೆ ನೆಲದ ಮೇಲೇ ಹುಡುಕಬೇಕು.

ಪದರ ಪದರವಾಗಿ

ಒಮಾನ್‌ನ ಸೆಮೈಲ್ ಓಫಿಯೋಲೈಟ್ ಜಗತ್ತಿನಲ್ಲೇ ದೊಡ್ಡದು. ಒಮಾನ್ ಮತ್ತು ಯುಎಇ ಸೇರಿ ಸುಮಾರು 500 ಕಿಲೋಮೀಟರ್ ಉದ್ದಕ್ಕೆ ಹಬ್ಬಿದೆ. ಮಣ್ಣಿಲ್ಲ, ಕಾಡಿಲ್ಲ. ಬರೀ ಕಲ್ಲು. ಭೂವಿಜ್ಞಾನಿಗಳಿಗೆ ಇದಕ್ಕಿಂತ ಸುಖ ಬೇರೆ ಏನು ಬೇಕು! ಕೆಳಗಿನಿಂದ ಮೇಲಕ್ಕೆ ಅಲ್ಲಿ ಏನೇನಿದೆ ನೋಡೋಣ.

ತಳದಲ್ಲಿ ಪೆರಿಡೋಟೈಟ್. ಇದೇ ಮ್ಯಾಂಟಲ್‌ನ ಕಲ್ಲು. ದೂರದಿಂದ ನೋಡಿದರೆ ತುಕ್ಕು ಹಿಡಿದ ಹಾಗೆ ಕಂದು ಬಣ್ಣ. ಅದು ನಿಜಕ್ಕೂ ತುಕ್ಕೇ. ಕಲ್ಲಿನಲ್ಲಿರುವ ಒಲಿವಿನ್ ಖನಿಜದ ಕಬ್ಬಿಣ ಗಾಳಿ, ನೀರಿಗೆ ಸಿಕ್ಕಿ ಹಾಗಾಗಿದೆ. ಸುತ್ತಿಗೆಯಿಂದ ಒಂದು ಏಟು ಕೊಟ್ಟು ಒಡೆದರೆ ಒಳಗೆ ಕಪ್ಪು ಮಿಶ್ರಿತ ಹಸಿರು.

ಅದರ ಮೇಲೆ ಗ್ಯಾಬ್ರೋ. ಇದು ಮ್ಯಾಗ್ಮಾ, ಅಂದರೆ ಕರಗಿದ ಕಲ್ಲು, ಭೂಮಿಯೊಳಗೇ ನಿಧಾನವಾಗಿ ತಣಿದು ಆದದ್ದು. ನಿಧಾನವಾಗಿ ತಣಿದದ್ದರಿಂದ ಹರಳುಗಳು ಬರಿಗಣ್ಣಿಗೆ ಕಾಣುವಷ್ಟು ದಪ್ಪ. ಕೆಳಭಾಗದಲ್ಲಿ ಕಪ್ಪು-ಬಿಳಿ ಪಟ್ಟೆಗಳು ಸಾಲು ಸಾಲಾಗಿರುತ್ತವೆ. ಕಂದು ಪೆರಿಡೋಟೈಟ್ ಮುಗಿದು ಬೂದು ಗ್ಯಾಬ್ರೋ ಶುರುವಾಗುವ ಜಾಗವೇ ಆ ಹಳೆಯ ಸಾಗರದ ಮೋಹೋ. ಹಡಗುಗಳಿಗೆ ಇಷ್ಟು ವರ್ಷದಲ್ಲಿ ಮುಟ್ಟಲಾಗದ ಗಡಿಯ ಮೇಲೆ ಒಮಾನ್‌ನಲ್ಲಿ ಬೂಟು ಹಾಕಿಕೊಂಡು ಓಡಾಡಬಹುದು.

ಗ್ಯಾಬ್ರೋದ ಮೇಲೆ ಸಿಗುವುದು ನನ್ನ ಅಚ್ಚುಮೆಚ್ಚಿನ ಪದರ: ಡೈಕ್‌ಗಳ ಹಾಳೆ. ಬಿರುಕಿನೊಳಗೆ ಮ್ಯಾಗ್ಮಾ ನುಗ್ಗಿ ಗಟ್ಟಿಯಾದರೆ ಅದು ಡೈಕ್. ಸಾಮಾನ್ಯವಾಗಿ ಬೇರೆ ಯಾವುದೋ ಕಲ್ಲಿನ ನಡುವೆ ಅಲ್ಲೊಂದು ಇಲ್ಲೊಂದು ಡೈಕ್ ಇರುತ್ತದೆ. ಇಲ್ಲಿ ಹಾಗಲ್ಲ. ಕಪಾಟಿನಲ್ಲಿ ಒತ್ತೊತ್ತಾಗಿ ನಿಲ್ಲಿಸಿದ ಪುಸ್ತಕಗಳ ಹಾಗೆ ಡೈಕ್ ಪಕ್ಕ ಡೈಕ್, ಅದರ ಪಕ್ಕ ಇನ್ನೊಂದು. ಒಂದೊಂದೂ ಹೆಚ್ಚೂಕಡಿಮೆ ಒಂದು ಮೀಟರ್ ಅಗಲ. ನಡುವೆ ಬೇರೆ ಕಲ್ಲೇ ಇಲ್ಲ. ಇದು ಹೇಗೆ ಸಾಧ್ಯ? ನೆಲ ಒಂದೇ ಸಮನೆ ಸೀಳುತ್ತಾ ಹೋಗಬೇಕು, ಸೀಳಿದ ಜಾಗವನ್ನೆಲ್ಲ ಹೊಸ ಮ್ಯಾಗ್ಮಾ ತುಂಬುತ್ತಾ ಹೋಗಬೇಕು. ಬೇರೆ ದಾರಿಯೇ ಇಲ್ಲ. ಸಮುದ್ರತಳ ಹರಡುತ್ತದೆ ಅನ್ನೋದಕ್ಕೆ ಕಣ್ಣಿಗೆ ಕಾಣುವ ಪುರಾವೆ ಇದು.

ಒಂದು ಡೈಕ್‌ನ ಹತ್ತಿರ ಹೋಗಿ ನೋಡಿ. ಬಿಸಿ ಮ್ಯಾಗ್ಮಾ ಅಕ್ಕಪಕ್ಕದ ತಣ್ಣನೆ ಕಲ್ಲಿಗೆ ತಾಗಿದ ಅಂಚಿನಲ್ಲಿ ಬೇಗ ತಣಿಯುತ್ತದೆ. ಹಾಗಾಗಿ ಅಂಚು ಕಪ್ಪಗೆ, ನುಣ್ಣಗೆ ಇರುತ್ತದೆ. ನಡುಭಾಗ ತರಿತರಿ. ಎರಡೂ ಕಡೆ ಇಂಥ ನುಣ್ಣನೆ ಅಂಚು ಇರಬೇಕು ತಾನೇ? ಆದರೆ ಇಲ್ಲಿನ ಎಷ್ಟೋ ಡೈಕ್‌ಗಳಿಗೆ ಒಂದೇ ಕಡೆ ಅಂಚಿದೆ. ಯಾಕೆಂದರೆ ಹೊಸ ಡೈಕ್ ಬಂದಾಗ ಅದು ಹಳೆಯ ಡೈಕ್‌ನ ನಟ್ಟನಡುವೆಯೇ ಸೀಳಿಕೊಂಡು ನುಗ್ಗಿದೆ. ನಡುಭಾಗ ಇನ್ನೂ ಬಿಸಿ ಇರುತ್ತದಲ್ಲ, ಅಲ್ಲೇ ಸೀಳುವುದು ಸುಲಭ. ಹಳೆಯದರ ಒಂದು ಅರ್ಧ ಈ ಕಡೆ, ಇನ್ನೊಂದು ಅರ್ಧ ಆ ಕಡೆ ಸರಿದು ಹೋಯಿತು. ಒಂದೊಂದು ಅರ್ಧಕ್ಕೂ ಒಂದೊಂದೇ ಅಂಚು ಉಳಿಯಿತು, ಅದೂ ಸಾಗರದ ಏಣಿನ ಕಡೆಗೆ ಬೆನ್ನು ಮಾಡಿದ ಬದಿಗೆ. ಹಾಗಾಗಿ ನೂರಾರು ಡೈಕ್‌ಗಳ ಅಂಚು ಯಾವ ದಿಕ್ಕಿಗಿದೆ ಅಂತ ಎಣಿಸಿದರೆ, ಕೋಟ್ಯಂತರ ವರ್ಷದ ಹಿಂದೆ ಸಾಗರದ ಏಣು ಯಾವ ಕಡೆ ಇತ್ತು ಅಂತ ಲೆಕ್ಕ ಹಾಕಬಹುದು. 1970ರ ದಶಕದಲ್ಲಿ ಟ್ರೂಡೋಸ್‌ನಲ್ಲಿ ಹೀಗೇ ಎಣಿಸಿದರು. ಬಿಸಿಲಲ್ಲಿ ನಿಂತು ಕಲ್ಲಿನ ಅಂಚು ಎಣಿಸುವ ಕೆಲಸ. ಕೇಳೋಕೆ ಬೋರು, ಆದರೆ ಉತ್ತರ ನೋಡಿ!

ಡೈಕ್‌ಗಳ ಮೇಲೆ ದಿಂಬಿನ ಲಾವಾ. ಲಾವಾ ನೀರಿನೊಳಗೆ ಉಕ್ಕಿದಾಗ ಹೊರಮೈ ತಕ್ಷಣ ಗಟ್ಟಿಯಾಗಿ ಉರುಟು ಮುದ್ದೆಗಳಾಗುತ್ತದೆ. ಒಂದರ ಮೇಲೊಂದು ಬೀಳುವಾಗ ಮೇಲಿನ ಮುದ್ದೆ ಇನ್ನೂ ಮೆತ್ತಗಿರುತ್ತದೆ. ಕೆಳಗಿನ ಎರಡು ಮುದ್ದೆಗಳ ಸಂದಿಗೆ ಅದರ ತಳ ಜೋತು ಬೀಳುತ್ತದೆ. ಆ ಜೋತು ಬಿದ್ದ ಮೂತಿ ಯಾವ ಕಡೆಗಿದೆಯೋ ಅದೇ ಕೆಳಗು. ಬೆಟ್ಟ ಎಷ್ಟೇ ಮಡಚಿ ಮಗುಚಿ ಬಿದ್ದಿದ್ದರೂ ಈ ಗುರುತು ಸುಳ್ಳು ಹೇಳುವುದಿಲ್ಲ. ಪ್ರತಿ ದಿಂಬಿನ ಸುತ್ತ ತೆಳ್ಳಗೆ ಗಾಜಿನ ಪೊರೆ ಇರುತ್ತದೆ. ಈ ಗಾಜನ್ನು ನೆನಪಿಟ್ಟುಕೊಳ್ಳಿ, ಜಗಳದಲ್ಲಿ ಬೇಕಾಗುತ್ತದೆ.

ಎಲ್ಲಕ್ಕೂ ಮೇಲೆ ಸಾಗರದ ಕೆಸರು. ಟ್ರೂಡೋಸ್‌ನಲ್ಲಿ ಲಾವಾದ ನೆತ್ತಿಯ ಮೇಲೆ ಅಲ್ಲಲ್ಲಿ ಗಾಢ ಕಂದು ಬಣ್ಣದ, ಕಬ್ಬಿಣ ಮತ್ತು ಮ್ಯಾಂಗನೀಸ್ ತುಂಬಿದ ಮಣ್ಣಿದೆ. ಅಂಬರ್ ಅಂತ ಕಲಾವಿದರು ಬಣ್ಣಕ್ಕೆ ಬಳಸುತ್ತಿದ್ದದ್ದು ಇದೇ. ಸಮುದ್ರತಳದ ಬಿಸಿನೀರಿನ ಬುಗ್ಗೆಗಳು ಉಗುಳಿದ ಲೋಹದ ಪುಡಿ ಕೆಳಗೆ ಕೂತು ಆದದ್ದು.

ಗುರುತು ಸಿಕ್ಕಿದ್ದು ಹೇಗೆ

ಈ ಕಲ್ಲುಗಳು ಜೊತೆಯಾಗಿ ಸಿಗುತ್ತವೆ ಅನ್ನೋದು ಹೊಸ ಮಾತಲ್ಲ. ಓಫಿಯೋಲೈಟ್ ಅನ್ನೋ ಹೆಸರು ಫ್ರಾನ್ಸಿನ ಅಲೆಕ್ಸಾಂಡ್ರ್ ಬ್ರಾಂನಿಯಾರ್ ಕೊಟ್ಟು ಇನ್ನೂರು ವರ್ಷ ದಾಟಿತು. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಜರ್ಮನಿಯ ಗುಸ್ಟಾವ್ ಸ್ಟೈನ್‌ಮನ್ ಸರ್ಪೆಂಟೈನ್ ಕಲ್ಲು, ದಿಂಬಿನ ಲಾವಾ, ಆಳಸಮುದ್ರದ ಚರ್ಟ್ ಅನ್ನೋ ಗಡಸು ಕಲ್ಲು ಮೂರೂ ಒಟ್ಟಿಗೇ ಇರುತ್ತವೆ ಅಂತ ಒತ್ತಿ ಹೇಳಿದ್ದರು. ಆದರೆ ಆಗ ಖಂಡಗಳು ಅಲುಗುತ್ತವೆ ಅಂದರೇ ನಗುವವರಿದ್ದರು. ಸಮುದ್ರತಳ ಬೆಟ್ಟ ಹತ್ತಿತು ಅಂದರೆ ಯಾರು ನಂಬುತ್ತಾರೆ?

1963ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಫ್ರೆಡ್ ವೈನ್ ಮತ್ತು ಡ್ರಮಂಡ್ ಮ್ಯಾಥ್ಯೂಸ್ ಸಮುದ್ರತಳದ ಕಾಂತೀಯ ಪಟ್ಟೆಗಳಿಗೆ ವಿವರಣೆ ಕೊಟ್ಟರು. ಏಣಿನಲ್ಲಿ ಹೊಸ ತಳ ಹುಟ್ಟಿ ಎರಡೂ ಕಡೆ ಸರಿಯುತ್ತದೆ, ಭೂಮಿಯ ಕಾಂತಕ್ಷೇತ್ರ ಆಗಾಗ ತಿರುಗುಮುರುಗಾಗುವುದು ಅದರಲ್ಲಿ ದಾಖಲಾಗುತ್ತದೆ ಅಂದರು. ಅಲ್ಲಿಂದ ಗಾಳಿ ಬದಲಾಯಿತು. ಸೈಪ್ರಸ್‌ನ ಭೂವೈಜ್ಞಾನಿಕ ಇಲಾಖೆಯಲ್ಲಿ ಕೆಲಸ ಮಾಡಿದ್ದ ಇಯಾನ್ ಗ್ಯಾಸ್ 1968ರಲ್ಲಿ ಟ್ರೂಡೋಸ್ ಹಳೆಯ ಸಾಗರತಳದ ತುಂಡೇ ಇರಬೇಕು ಅಂತ ಬರೆದರು. ಬ್ರಿಟನ್ನಿನ ಓಪನ್ ಯೂನಿವರ್ಸಿಟಿಯಲ್ಲಿ ಭೂವಿಜ್ಞಾನ ವಿಭಾಗ ಕಟ್ಟಿದವರು ಅವರೇ. 1971ರಲ್ಲಿ ಇದೇ ವೈನ್, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನ ಎಲ್ಡ್ರಿಜ್ ಮೂರ್ಸ್ ಜೊತೆ ಸೇರಿ ಡೈಕ್‌ಗಳ ಹಾಳೆಯನ್ನು ಮುಂದಿಟ್ಟುಕೊಂಡು ವಾದ ಗಟ್ಟಿ ಮಾಡಿದರು. 1972ರಲ್ಲಿ ಅಮೆರಿಕದಲ್ಲಿ ನಡೆದ ಪೆನ್‌ರೋಸ್ ಸಮ್ಮೇಳನದಲ್ಲಿ ಓಫಿಯೋಲೈಟ್ ಅಂದರೆ ಇಷ್ಟು ಪದರ, ಈ ಕ್ರಮ ಅಂತ ಗೆರೆ ಎಳೆದರು. ಪೆರಿಡೋಟೈಟ್, ಗ್ಯಾಬ್ರೋ, ಡೈಕ್, ದಿಂಬಿನ ಲಾವಾ. ಪಠ್ಯಪುಸ್ತಕದ ಚಿತ್ರ ಸಿದ್ಧವಾಯಿತು.

ಹಾಗಾದರೆ ಭಾರವಾದ ಸಮುದ್ರತಳ ಮೇಲಕ್ಕೆ ಬಂದದ್ದು ಹೇಗೆ? ಖಂಡದ ಕಲ್ಲು ಹಗುರ, ಸಾಗರದ ಕಲ್ಲು ಭಾರ. ಎರಡೂ ಎದುರಾದರೆ ಭಾರದ್ದು ಅಡಿಗೆ ಹೋಗಬೇಕು. ಬಹುತೇಕ ಹಾಗೇ ಆಗುತ್ತದೆ. ಒಮ್ಮೊಮ್ಮೆ ಮಾತ್ರ ಸಾಗರದೊಳಗೇ ಒಂದು ತಳ ಇನ್ನೊಂದರ ಅಡಿಗೆ ಇಳಿಯುತ್ತಿರುತ್ತದೆ, ಇಳಿಯುತ್ತಿರುವ ಫಲಕದ ಬಾಲಕ್ಕೆ ಖಂಡವೊಂದು ಅಂಟಿಕೊಂಡಿರುತ್ತದೆ. ಸಾಗರದ ಭಾಗವೆಲ್ಲ ಇಳಿದು ಮುಗಿದ ಮೇಲೆ ಖಂಡದ ಸರದಿ ಬರುತ್ತದೆ. ಅದೂ ಸ್ವಲ್ಪ ದೂರ ಎಳೆದುಕೊಂಡು ಹೋಗುತ್ತದೆ. ಆಗ ಮೇಲಿದ್ದ ಸಾಗರತಳ ಖಂಡದ ಅಂಚಿನ ಮೇಲೆ ಕೂತುಬಿಡುತ್ತದೆ. ಖಂಡ ಹಗುರ, ಜಾಸ್ತಿ ಆಳಕ್ಕೆ ಹೋಗಲಾರದು. ವಾಪಸ್ ಮೇಲೆದ್ದು ಬರುವಾಗ ಬೆನ್ನ ಮೇಲಿನ ಸಾಗರತಳವನ್ನೂ ಎತ್ತಿಕೊಂಡು ಬರುತ್ತದೆ. ಒಮಾನ್‌ನಲ್ಲಿ ಅರೇಬಿಯಾ ಖಂಡದ ಅಂಚಿಗೆ ಆದದ್ದು ಇದು. ಈ ಏರಿಕೆಗೆ ಅಬ್ಡಕ್ಷನ್ ಅನ್ನೋ ಹೆಸರನ್ನು 1971ರಲ್ಲಿ ರಾಬರ್ಟ್ ಕೋಲ್ಮನ್ ಬಳಕೆಗೆ ತಂದರು.

ಇದಕ್ಕೆ ಸಾಕ್ಷಿ ಓಫಿಯೋಲೈಟಿನ ಅಡಿಯಲ್ಲೇ ಅಂಟಿಕೊಂಡಿದೆ. ಬಿಸಿ ಮ್ಯಾಂಟಲ್ ಕಲ್ಲು ಇನ್ನೊಂದು ಸಮುದ್ರತಳದ ಮೇಲೆ ಉಜ್ಜಿಕೊಂಡು ಹೋದಾಗ ಅಡಿಯಲ್ಲಿದ್ದ ಲಾವಾ, ಕೆಸರು ಬೆಂದು ರೂಪ ಬದಲಿಸಿ, ಗಾರ್ನೆಟ್ ಹರಳುಗಳಿರುವ ತೆಳ್ಳನೆ ಪದರವಾಯಿತು. ದಪ್ಪ ಹೆಚ್ಚೆಂದರೆ ಕೆಲವು ನೂರು ಮೀಟರ್. ಇಡೀ ಪ್ರಯಾಣ ಯಾವಾಗ ಶುರುವಾಯಿತು ಅನ್ನೋ ಲೆಕ್ಕ ಆ ಗಾರ್ನೆಟ್‌ಗಳೊಳಗೆ ಇದೆ.

ಇನ್ನು ಜಗಳ

ಪೆನ್‌ರೋಸ್ ಸಮ್ಮೇಳನ ಮುಗಿದ ಮರುವರ್ಷವೇ, 1973ರಲ್ಲಿ, ಜಪಾನಿನ ಅಕಿಹೊ ಮಿಯಾಶಿರೊ ಒಂದು ಪುಟ್ಟ ಲೇಖನ ಬರೆದು ಎಲ್ಲರ ನಿದ್ದೆ ಕೆಡಿಸಿದರು. ಟ್ರೂಡೋಸ್‌ನ ಲಾವಾ ಮತ್ತು ಡೈಕ್‌ಗಳ ರಾಸಾಯನಿಕ ವಿಶ್ಲೇಷಣೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಅವುಗಳಲ್ಲಿ ಸುಮಾರು ಮೂರನೇ ಒಂದು ಭಾಗ ಸಾಗರದ ನಡುವಿನ ಏಣಿನ ಲಾವಾದಂತೆ ಇಲ್ಲವೇ ಇಲ್ಲ. ಜಪಾನಿನಂಥ ಜ್ವಾಲಾಮುಖಿ ದ್ವೀಪಮಾಲೆಗಳ ಲಾವಾದಂತಿವೆ ಅಂದರು. ಅಂದರೆ ಟ್ರೂಡೋಸ್ ಹುಟ್ಟಿದ್ದು ಒಂದು ಫಲಕ ಇನ್ನೊಂದರ ಅಡಿಗೆ ಇಳಿಯುವ ಕಡೆ. ಭಾರೀ ವಿರೋಧ ಬಂತು. ಕಲ್ಲುಗಳು ಹಳೆಯವು, ಸಮುದ್ರದ ನೀರು ಹೊಕ್ಕು ರಸಾಯನವೆಲ್ಲ ಕೆಟ್ಟಿದೆ, ಆ ಅಂಕಿಗಳನ್ನು ನೆಚ್ಚಿಕೊಳ್ಳಬೇಡಿ ಅಂದರು. ಆ ಆಕ್ಷೇಪದಲ್ಲೂ ಹುರುಳಿತ್ತು.

ಆಗ ಕೈಹಿಡಿದದ್ದು ಗಾಜು. ಟ್ರೂಡೋಸ್‌ನ ಕೆಲವು ದಿಂಬುಗಳ ಅಂಚಿನಲ್ಲಿ 9 ಕೋಟಿ ವರ್ಷವಾದರೂ ಕೆಡದ ಜ್ವಾಲಾಮುಖಿ ಗಾಜು ಉಳಿದಿತ್ತು. ಲಾವಾ ಕ್ಷಣದಲ್ಲಿ ತಣಿದು ಆದ ಗಾಜಾದ್ದರಿಂದ ಮೂಲ ಮ್ಯಾಗ್ಮಾದಲ್ಲಿ ಏನಿತ್ತೋ ಅದು ಹಾಗೇ ಇದೆ. 1980ರ ದಶಕದಲ್ಲಿ ಅದನ್ನು ಪರೀಕ್ಷಿಸಿದಾಗ ನೀರಿನ ಅಂಶ ಜಾಸ್ತಿ, ಟೈಟೇನಿಯಂ ಕಡಿಮೆ. ಏಣಿನ ಮ್ಯಾಗ್ಮಾದಲ್ಲಿ ಅಷ್ಟು ನೀರು ಇರುವುದಿಲ್ಲ. ಮುಳುಗುವ ಫಲಕ ತನ್ನ ಜೊತೆ ನೀರನ್ನು ಕೆಳಗೆ ಒಯ್ದು, ಅದು ಮೇಲಿನ ಮ್ಯಾಂಟಲ್‌ಗೆ ಸೇರಿ ಕರಗಿಸಿದಾಗ ಮಾತ್ರ ಹೀಗಾಗುತ್ತದೆ. ಮಿಯಾಶಿರೊ ಹೇಳಿದ್ದರಲ್ಲಿ ಮುಖ್ಯವಾದದ್ದು ನಿಜವಾಗಿತ್ತು.

ಆದರೆ ಡೈಕ್‌ಗಳ ಹಾಳೆ? ಅದು ಹರಡುವಿಕೆಯನ್ನೇ ಹೇಳುತ್ತದಲ್ಲ? ಕಲ್ಲಿನ ಜೋಡಣೆ ಒಂದು ಹೇಳುತ್ತದೆ, ರಸಾಯನ ಇನ್ನೊಂದು ಹೇಳುತ್ತದೆ. ಎರಡೂ ಸರಿ ಇರಲು ಸಾಧ್ಯವೇ? ಸಾಧ್ಯ. ಮುಳುಗುವ ಫಲಕದ ಮೇಲ್ಗಡೆಯೇ ನೆಲ ಸೀಳಿ ಹರಡಿದರೆ ಆಯಿತು. ಫಲಕವೊಂದು ಹೊಸದಾಗಿ ಮುಳುಗಲು ಶುರುಮಾಡಿದಾಗ ಅದು ಹಿಂದಕ್ಕೆ ಜಾರುತ್ತಾ ಇಳಿಯುತ್ತದೆ. ಮೇಲಿನ ಫಲಕದ ಅಂಚು ಎಳೆತಕ್ಕೆ ಸಿಕ್ಕಿ ಸೀಳುತ್ತದೆ. ಅಲ್ಲಿ ಕೆಲವೇ ಲಕ್ಷ ವರ್ಷಗಳಲ್ಲಿ ಹೊಸ ಸಮುದ್ರತಳ ಹುಟ್ಟುತ್ತದೆ. ಈಗ ಬಹುಪಾಲು ಭೂವಿಜ್ಞಾನಿಗಳು ಟ್ರೂಡೋಸ್, ಒಮಾನ್ ಎರಡನ್ನೂ ಹೀಗೇ ಓದುತ್ತಾರೆ. 2014ರಲ್ಲಿ ಅಂತರರಾಷ್ಟ್ರೀಯ ಕೊರೆತ ಯೋಜನೆಯ 352ನೇ ಯಾತ್ರೆ ಜಪಾನಿನ ದಕ್ಷಿಣಕ್ಕೆ, ಬೋನಿನ್ ಕಂದಕದ ಪಕ್ಕದ ತಳವನ್ನು ಕೊರೆಯಿತು. ಅಲ್ಲಿ ಸಿಕ್ಕಿದ ಬಸಾಲ್ಟ್ ಮತ್ತು ಬೋನಿನೈಟ್ ಲಾವಾಗಳು ಈ ಓಫಿಯೋಲೈಟ್‌ಗಳ ಲಾವಾಗೆ ತೀರಾ ಹತ್ತಿರ. ಇವತ್ತಿನ ಸಮುದ್ರದಲ್ಲೇ ಜೋಡಿ ಸಿಕ್ಕ ಹಾಗಾಯಿತು.

ಇಷ್ಟಕ್ಕೇ ಮುಗಿಯಲಿಲ್ಲ. 2018ರಲ್ಲಿ ಕೆನಡಾದ ಲಾವಾಲ್ ವಿಶ್ವವಿದ್ಯಾಲಯದ ಕಾರ್ಲ್ ಗಿಲ್ಮೆಟ್ ಮತ್ತು ಜೊತೆಗಾರರು ಒಮಾನ್‌ನ ಅಡಿಪದರದ ಗಾರ್ನೆಟ್‌ಗಳ ವಯಸ್ಸು ಅಳೆದರು. 10.4 ಕೋಟಿ ವರ್ಷ ಬಂತು. ಮೇಲಿರುವ ಸಮುದ್ರತಳದ ವಯಸ್ಸು 9.6ರಿಂದ 9.5 ಕೋಟಿ. ಅಂದರೆ ತಳ ಹುಟ್ಟುವುದಕ್ಕೆ 80 ಲಕ್ಷ ವರ್ಷ ಮೊದಲೇ ಅಡಿಯಲ್ಲಿ ಫಲಕ ಇಳಿಯುತ್ತಿತ್ತು. ಹಾಗಾದರೆ ಅದು ತನ್ನ ಭಾರಕ್ಕೆ ತಾನೇ ಕುಸಿದದ್ದಲ್ಲ, ಯಾವುದೋ ಬಲ ದೂರದಿಂದ ತಳ್ಳಿ ಇಳಿಸಿದ್ದು ಅಂತ ಅವರ ವಾದ.

ಇದರಿಂದ ಬರುವ ಪರಿಣಾಮ ಸಣ್ಣದಲ್ಲ. ಸಾಗರದ ನಡುವೆ ಹುಟ್ಟಿದ ಮಾಮೂಲಿ ತಳ ತಣ್ಣಗಾಗಿ, ಭಾರವಾಗಿ, ಸದ್ದಿಲ್ಲದೆ ಮುಳುಗಿ ಹೋಗುತ್ತದೆ. ದಡ ಹತ್ತುವುದು ಹೆಚ್ಚಾಗಿ ಕಂದಕದ ಪಕ್ಕದಲ್ಲೇ ಹುಟ್ಟಿದ, ಇನ್ನೂ ಬಿಸಿಯಾಗಿರುವ ಎಳೆಯ ತಳ. ಅದು ಸರಿಯಾದ ಜಾಗದಲ್ಲಿ ಮೊದಲೇ ನಿಂತಿರುತ್ತದೆ. ಹಾಗಾಗಿ ನಮ್ಮ ಕೈಗೆ ಸಿಕ್ಕ ಮಾದರಿಯೇ ಒಂದು ಕಡೆಗೆ ವಾಲಿದೆ. ಪಠ್ಯಪುಸ್ತಕದ ಚಿತ್ರ ಸುಳ್ಳು ಅಂತ ನಾನು ಹೇಳುವುದಿಲ್ಲ. ಮ್ಯಾಗ್ಮಾ ಧಾರಾಳವಾಗಿ ಬರುವ, ವೇಗವಾಗಿ ಹರಡುವ ಏಣುಗಳಿಗೆ ಅದು ಚೆನ್ನಾಗಿ ಹೊಂದುತ್ತದೆ. ಪೆಸಿಫಿಕ್‌ನ 1256ಡಿ ಬಾವಿ 2005ರಲ್ಲಿ ಲಾವಾ, ಡೈಕ್ ದಾಟಿ ಗ್ಯಾಬ್ರೋ ಮುಟ್ಟಿದಾಗ ಕ್ರಮ ಅದೇ ಇತ್ತು. ಅಟ್ಲಾಂಟಿಕ್‌ನಂಥ ನಿಧಾನದ ಏಣುಗಳಲ್ಲಿ ಮಾತ್ರ ಕತೆ ಬೇರೆ. ಅಲ್ಲಿ ಪದರಗಳು ಹರಿದು ಚೂರಾಗಿವೆ, ಕೆಲವು ಕಡೆ ಮ್ಯಾಂಟಲ್ ನೇರವಾಗಿ ಸಮುದ್ರತಳದಲ್ಲೇ ಬಿದ್ದಿದೆ.

ನಿಜಕ್ಕೂ ನಡುಸಾಗರದಲ್ಲಿ ಹುಟ್ಟಿ ನೀರಿನಿಂದ ಮೇಲೆದ್ದ ತುಂಡು ಬೇಕೆಂದರೆ ಆಸ್ಟ್ರೇಲಿಯಾಕ್ಕೆ ಸೇರಿದ ಮ್ಯಾಕ್ವಾರಿ ದ್ವೀಪ ನೋಡಬೇಕು. ನ್ಯೂಜಿಲೆಂಡಿಗೂ ಅಂಟಾರ್ಕ್ಟಿಕಾಗೂ ನಡುವೆ ಇರುವ ಈ ದ್ವೀಪ ಪೂರ್ತಿಯಾಗಿ ಸಾಗರದ ಹೊರಪದರ ಮತ್ತು ಮ್ಯಾಂಟಲ್ ಕಲ್ಲಿನಿಂದಲೇ ಆಗಿದೆ. ಇದು ಯಾವ ಖಂಡದ ಮೇಲೂ ಹತ್ತಿಲ್ಲ. ಎರಡು ಫಲಕಗಳ ಒತ್ತಡಕ್ಕೆ ಸಿಕ್ಕಿ ಸಾಗರದ ನಡುವೆಯೇ ಎದ್ದು ನಿಂತಿದೆ. 1997ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಲ್ಯಾಬಿನಲ್ಲಿ

ಬೆಟ್ಟದಲ್ಲಿ ನಕ್ಷೆ ಬರೆದು, ಚೀಲದ ತುಂಬ ಕಲ್ಲು ಹೊತ್ತು ತಂದ ಮೇಲೆ ಅಸಲಿ ಕೆಲಸ ಶುರು. ಕಲ್ಲನ್ನು ಸೀಳಿ, ಗಾಜಿನ ಮೇಲೆ ಅಂಟಿಸಿ, 0.03 ಮಿಲಿಮೀಟರ್ ದಪ್ಪಕ್ಕೆ ಬರುವವರೆಗೆ ಉಜ್ಜುತ್ತಾರೆ. ಅಷ್ಟು ತೆಳ್ಳಗಾದರೆ ಕಲ್ಲಿನ ಮೂಲಕವೂ ಬೆಳಕು ಹಾಯುತ್ತದೆ. ಧ್ರುವೀಕೃತ ಬೆಳಕಿನ ಮೈಕ್ರೋಸ್ಕೋಪಿನಲ್ಲಿ ಇಟ್ಟರೆ ಮಂಕು ಕಂದು ಪೆರಿಡೋಟೈಟ್ ಗುಲಾಬಿ, ನೀಲಿ, ಹಸಿರು ಬಣ್ಣಗಳಲ್ಲಿ ಹೊಳೆಯುತ್ತದೆ. ಅದು ಒಲಿವಿನ್. ಅದರ ಹರಳುಗಳು ಯಾವ ದಿಕ್ಕಿಗೆ ವಾಲಿಕೊಂಡಿವೆ ಅಂತ ಅಳೆದರೆ, ಮ್ಯಾಂಟಲ್ ಆಗ ಯಾವ ಕಡೆಗೆ ಹರಿಯುತ್ತಿತ್ತು ಅಂತ ತಿಳಿಯುತ್ತದೆ. ಗಟ್ಟಿ ಕಲ್ಲೇ, ಆದರೆ ಆ ಬಿಸಿಯಲ್ಲಿ ಬಲು ನಿಧಾನವಾಗಿ ಹರಿಯುತ್ತದೆ. ಫ್ರಾನ್ಸಿನ ಮೊಂಪೆಲಿಯೆ ವಿಶ್ವವಿದ್ಯಾಲಯದ ಅಡಾಲ್ಫ್ ನಿಕೊಲಾ ಮತ್ತು ಫ್ರಾಂಸ್ವಾಸ್ ಬೂದಿಯೆ ದಶಕಗಳ ಕಾಲ ಒಮಾನ್‌ನಲ್ಲಿ ಇದನ್ನೇ ಅಳೆದು ನಕ್ಷೆ ಮಾಡಿದರು. ಮ್ಯಾಂಟಲ್ ಮೇಲಕ್ಕೆ ಉಕ್ಕಿ ನಾಲ್ಕೂ ಕಡೆ ಹರಡಿದ ಜಾಗಗಳನ್ನು ಅವರು ಬೆಟ್ಟದಲ್ಲೇ ಗುರುತಿಸಿದರು.

ವಯಸ್ಸಿಗೆ ಜಿರ್ಕಾನ್ ಹರಳು ಬೇಕು. ಅದರೊಳಗಿನ ಯುರೇನಿಯಂ ಗೊತ್ತಾದ ವೇಗದಲ್ಲಿ ಸೀಸವಾಗುತ್ತಾ ಹೋಗುತ್ತದೆ. ಎರಡರ ಪ್ರಮಾಣ ಅಳೆದರೆ ವಯಸ್ಸು ಸಿಕ್ಕಿತು. ಸಮುದ್ರತಳದ ಕಲ್ಲಿನಲ್ಲಿ ಜಿರ್ಕಾನ್ ಅಪರೂಪ, ಹಾಗಾಗಿ ಕಿಲೋಗಟ್ಟಲೆ ಗ್ಯಾಬ್ರೋ ಪುಡಿಮಾಡಿ ಬೆರಳೆಣಿಕೆಯಷ್ಟು ಹರಳು ಆರಿಸಬೇಕಾಗುತ್ತದೆ. ತಾಳ್ಮೆ ಇಲ್ಲದವರಿಗಲ್ಲ ಈ ಕೆಲಸ. ಟ್ರೂಡೋಸ್‌ನ ವಯಸ್ಸು ಸುಮಾರು 9.2 ಕೋಟಿ ವರ್ಷ ಅಂತ ಗೊತ್ತಾದದ್ದು ಹೀಗೇ. ಅದೇ ಕಲ್ಲುಗಳ ಕಾಂತೀಯ ದಿಕ್ಕು ಇನ್ನೊಂದು ಸೋಜಿಗ ಹೇಳಿತು. ಇಡೀ ಟ್ರೂಡೋಸ್ ಹುಟ್ಟಿದ ಮೇಲೆ ಎಡಕ್ಕೆ ಸುಮಾರು 90 ಡಿಗ್ರಿ ತಿರುಗಿದೆಯಂತೆ.

ಈಚೆಗೆ ನಡೆದದ್ದರಲ್ಲಿ ದೊಡ್ಡದು ಒಮಾನ್ ಡ್ರಿಲ್ಲಿಂಗ್ ಪ್ರಾಜೆಕ್ಟ್. ಕೊಲಂಬಿಯಾ ವಿಶ್ವವಿದ್ಯಾಲಯದ ಪೀಟರ್ ಕೆಲೆಮನ್ ಮುಂದಾಳತ್ವದಲ್ಲಿ ಹಲವು ದೇಶದವರು ಸೇರಿ 2016ರ ಕೊನೆಯಿಂದ 2018ರವರೆಗೆ ಕೊರೆದು ಒಟ್ಟು ಸುಮಾರು 3.2 ಕಿಲೋಮೀಟರ್ ಉದ್ದದ ಕೋರ್, ಅಂದರೆ ಕೋಲಿನಂಥ ಕಲ್ಲಿನ ತುಂಡುಗಳನ್ನು, ತೆಗೆದರು. ಆಮೇಲೆ ಮಾಡಿದ್ದು ಸ್ವಲ್ಪ ತಮಾಷೆಯಾಗಿದೆ. ಕೋರ್‌ಗಳನ್ನು ಜಪಾನಿಗೆ ಸಾಗಿಸಿ, ಬಂದರಿನಲ್ಲಿ ನಿಂತಿದ್ದ ಚಿಕ್ಯು ಅನ್ನೋ ಕೊರೆಯುವ ಹಡಗಿನೊಳಗೆ ಇಟ್ಟು ಪರೀಕ್ಷಿಸಿದರು. ಕೋರ್ ಪರೀಕ್ಷೆಗೆ ಬೇಕಾದ ಸ್ಕ್ಯಾನರ್, ಲ್ಯಾಬು ಎಲ್ಲ ಒಂದೇ ಕಡೆ ಇರುವುದು ಅಲ್ಲಿ ಅಂತ. ನೆಲ ಕೊರೆದು ತೆಗೆದ ಸಮುದ್ರತಳವನ್ನು ನೋಡೋಕೆ ಮತ್ತೆ ಹಡಗು ಹತ್ತಿದರು!

ನೀರು ಮತ್ತು ಗಾಳಿ ತಾಗಿದರೆ

ಪೆರಿಡೋಟೈಟ್ ಭೂಮಿಯ ಮೇಲ್ಮೈಗೆ ಸೇರಿದ ಕಲ್ಲಲ್ಲ. ಇಲ್ಲಿನ ನೀರು, ಗಾಳಿ ಅದಕ್ಕೆ ಆಗಿಬರುವುದಿಲ್ಲ. ನೀರು ತಾಗಿದರೆ ಒಲಿವಿನ್ ಸರ್ಪೆಂಟೈನ್ ಆಗುತ್ತದೆ, ಒಲಿವಿನ್‌ನಲ್ಲಿದ್ದ ಕಬ್ಬಿಣ ನೀರಿನ ಆಮ್ಲಜನಕ ಕಸಿದುಕೊಂಡು ಹೈಡ್ರೋಜನ್ ಬಿಡುಗಡೆ ಮಾಡುತ್ತದೆ. ಈ ಹೈಡ್ರೋಜನ್ ತಿಂದು ಬದುಕುವ ಸೂಕ್ಷ್ಮಜೀವಿಗಳು ಒಮಾನ್‌ನ ಕಲ್ಲಿನೊಳಗಿನ ನೀರಿನಲ್ಲಿ ಸಿಕ್ಕಿವೆ. ಬೆಳಕಿಲ್ಲದ ಕಡೆ ಜೀವ ಹೇಗೆ ಬದುಕುತ್ತದೆ ಅಂತ ಹುಡುಕುವವರಿಗೆ ಇದು ದೊಡ್ಡ ಸುಳಿವು. ಇಂಗಾಲದ ಡೈಆಕ್ಸೈಡ್ ತಾಗಿದರೆ ಅದು ಕಲ್ಲಿನ ಮೆಗ್ನೀಷಿಯಂ, ಕ್ಯಾಲ್ಸಿಯಂ ಜೊತೆ ಸೇರಿ ಬಿಳಿ ಕಾರ್ಬೊನೇಟ್ ಆಗಿ ಗಟ್ಟಿಯಾಗುತ್ತದೆ. ಒಮಾನ್‌ನ ಬೆಟ್ಟಗಳಲ್ಲಿ ಕಪ್ಪು ಕಲ್ಲಿನ ತುಂಬ ಬಿಳಿ ಎಳೆಗಳು ಕಾಣುತ್ತವೆ. ಕೆಲೆಮನ್ ಮತ್ತು ಯೂರ್ಗ್ ಮ್ಯಾಟರ್ 2008ರಲ್ಲಿ ಲೆಕ್ಕ ಹಾಕಿದ ಪ್ರಕಾರ ಅಲ್ಲಿ ತನ್ನಷ್ಟಕ್ಕೇ ವರ್ಷಕ್ಕೆ 10 ಸಾವಿರದಿಂದ 1 ಲಕ್ಷ ಟನ್ ಇಂಗಾಲದ ಡೈಆಕ್ಸೈಡ್ ಕಲ್ಲಾಗುತ್ತಿದೆ. ಮನುಷ್ಯರು ವರ್ಷಕ್ಕೆ ಉಗುಳುವ ಸಾವಿರಾರು ಕೋಟಿ ಟನ್ ಮುಂದೆ ಇದು ಏನೂ ಅಲ್ಲ. ನೀರನ್ನು ಆಳಕ್ಕೆ ತಳ್ಳಿ ಇದನ್ನು ಚುರುಕು ಮಾಡಬಹುದಾ ಅಂತ ಈಗ ಪ್ರಯೋಗ ನಡೆದಿವೆ. ಆಗಬಹುದು. ಆದರೆ ಇದೊಂದರಿಂದಲೇ ಹವಾಮಾನದ ಸಮಸ್ಯೆ ಬಗೆಹರಿಯುತ್ತದೆ ಅನ್ನೋ ಮಾತುಗಳನ್ನು ನಾನು ಸುಮ್ನೆ ನಂಬಲಾರೆ.

ಲೋಹದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಸೈಪ್ರಸ್‌ನ ತಾಮ್ರ ಪ್ರಾಚೀನ ಕಾಲದಿಂದ ಪ್ರಸಿದ್ಧ. ಅದು ಹಳೆಯ ಸಮುದ್ರತಳದ ಬಿಸಿನೀರಿನ ಬುಗ್ಗೆಗಳು ಕಟ್ಟಿದ ಅದಿರು. 1979ರಲ್ಲಿ ಪೂರ್ವ ಪೆಸಿಫಿಕ್‌ನಲ್ಲಿ ಕಪ್ಪು ಹೊಗೆ ಉಗುಳುವ ಬುಗ್ಗೆಗಳನ್ನು ಕಣ್ಣಾರೆ ಕಂಡಾಗ ಆ ಅದಿರಿನ ಮೂಲ ಸ್ಪಷ್ಟವಾಯಿತು. ಕ್ರೋಮಿಯಂ ಸಿಗುವುದು ಮ್ಯಾಂಟಲ್ ಕಲ್ಲಿನೊಳಗಿನ ಕ್ರೋಮೈಟ್ ಗಂಟುಗಳಲ್ಲಿ. ನ್ಯೂ ಕ್ಯಾಲೆಡೋನಿಯಾದ ನಿಕ್ಕಲ್, ಪೆರಿಡೋಟೈಟ್ ಮಳೆಗೆ ಸವೆದು ಉಳಿದ ಮಣ್ಣಿನದು. ಇದೇ ಲೋಹಗಳು ಗಿಡಗಳಿಗೆ ವಿಷ. ನ್ಯೂಫೌಂಡ್‌ಲ್ಯಾಂಡ್‌ನ ಟೇಬಲ್‌ಲ್ಯಾಂಡ್ಸ್ ಅದಕ್ಕೇ ಬೋಳು ಬೋಳಾಗಿ ಕಂದು ಬಣ್ಣಕ್ಕಿದೆ. ಕಣಿವೆಯ ಆಚೆ ಬದಿಯಲ್ಲಿ ಬೇರೆ ಕಲ್ಲು, ಅಲ್ಲಿ ಹಸಿರು.

ಎಷ್ಟು ಹಿಂದಕ್ಕೆ?

ಓಫಿಯೋಲೈಟ್ ಇದ್ದ ಕಡೆ ಒಂದು ಕಾಲದಲ್ಲಿ ಸಾಗರವಿತ್ತು, ಫಲಕಗಳು ಚಲಿಸುತ್ತಿದ್ದವು. ಹಾಗಾಗಿ ಅತಿ ಹಳೆಯ ಓಫಿಯೋಲೈಟ್ ಯಾವುದು ಅನ್ನೋ ಪ್ರಶ್ನೆಯ ಒಳಗೆ ಇನ್ನೂ ದೊಡ್ಡ ಪ್ರಶ್ನೆ ಇದೆ: ಭೂಮಿಯ ಮೇಲೆ ಫಲಕಗಳ ಚಲನೆ ಶುರುವಾದದ್ದು ಯಾವಾಗ? ಫಿನ್‌ಲೆಂಡಿನ ಯೋರ್ಮುವಾದಲ್ಲಿ 195 ಕೋಟಿ ವರ್ಷ ಹಳೆಯ ಓಫಿಯೋಲೈಟ್ ಇದೆ. ಅದರ ಬಗ್ಗೆ ಹೆಚ್ಚು ತಕರಾರಿಲ್ಲ. 2007ರಲ್ಲಿ ನಾರ್ವೆಯ ಬರ್ಗೆನ್ ವಿಶ್ವವಿದ್ಯಾಲಯದ ಹರಾಲ್ಡ್ ಫರ್ನೆಸ್ ಮತ್ತು ಜೊತೆಗಾರರು ಗ್ರೀನ್‌ಲೆಂಡಿನ ಇಸುವಾದಲ್ಲಿ 380 ಕೋಟಿ ವರ್ಷ ಹಿಂದಿನ ಡೈಕ್‌ಗಳ ಹಾಳೆ ಸಿಕ್ಕಿದೆ ಅಂದರು. ಅದೇ ವರ್ಷ ಬೇರೆಯವರು ಅಲ್ಲಗಳೆದರು. ಅವು ಒತ್ತೊತ್ತಾದ ಡೈಕ್‌ಗಳೇ ಅಲ್ಲ, ಅಲ್ಲಿನ ಕಲ್ಲು ಮತ್ತೆ ಮತ್ತೆ ಹಿಸುಕಿ ಬೆಂದಿರುವುದರಿಂದ ಹಾಗೆ ಕಾಣುತ್ತದೆ ಅಂತ.

ಯಾರು ಸರಿ ಅಂತ ತೀರ್ಮಾನಿಸುವುದು ಯಾಕೆ ಕಷ್ಟ ಅಂದರೆ, ಆಗ ಭೂಮಿಯ ಒಳಗು ಈಗಿನದಕ್ಕಿಂತ ಬಿಸಿ ಇತ್ತು. ಮ್ಯಾಂಟಲ್ ಜಾಸ್ತಿ ಕರಗುತ್ತಿತ್ತು. ಹಾಗಾಗಿ ಆ ಕಾಲದ ಸಮುದ್ರತಳ ಈಗಿನದಕ್ಕಿಂತ ಎಷ್ಟೋ ದಪ್ಪ ಇದ್ದಿರಬೇಕು. ಅಂಥ ದಪ್ಪನೆ ತಳದ ಮೇಲ್ಭಾಗ ಮಾತ್ರ ಖಂಡಕ್ಕೆ ಅಂಟಿ ಉಳಿದಿದ್ದರೆ, ಅದರಲ್ಲಿ ಲಾವಾ ಇರುತ್ತದೆ, ಪೆರಿಡೋಟೈಟ್ ಇರುವುದಿಲ್ಲ. 1972ರ ಪಟ್ಟಿ ಹಿಡಿದು ಹೋದವರು ಅದನ್ನು ಓಫಿಯೋಲೈಟ್ ಅಲ್ಲ ಅಂತ ಬಿಟ್ಟುಬಿಡುತ್ತಾರೆ. ಪಟ್ಟಿಯನ್ನು ಸಡಿಲ ಮಾಡಿದರೆ ಹಳೆಯ ಲಾವಾ ಇರುವ ಜಾಗವೆಲ್ಲ ಓಫಿಯೋಲೈಟ್ ಆಗಿಬಿಡುತ್ತದೆ. ಈಗ ಹಳೆಯ ಖಂಡಗಳ ಕಲ್ಲಿನಲ್ಲಿ ದಿಂಬಿನ ಲಾವಾ ಸಿಕ್ಕಾಗಲೆಲ್ಲ ಸಂಶೋಧಕರು ಮೊದಲು ಹುಡುಕುವುದು ಅಡಿಯಲ್ಲಿ ಏನಿದೆ ಅಂತ: ಅಲ್ಲಿ ಇನ್ನೂ ಹಳೆಯ ಖಂಡದ ಕಲ್ಲಿದ್ದು, ಆ ಲಾವಾ ಅದನ್ನೇ ಸೀಳಿಕೊಂಡು ಬಂದಿದ್ದರೆ ಅದು ಸಾಗರದ ತಳವಲ್ಲ. ನಡುವೆ ಸ್ತರಭಂಗವಿದ್ದು, ಲಾವಾ ಬೇರೆ ಕಡೆಯಿಂದ ಜಾರಿ ಬಂದು ಕೂತದ್ದಾದರೆ ಮಾತ್ರ ಮುಂದಿನ ಪರೀಕ್ಷೆ.